ನಾನೂರ ಹನ್ನೆರಡರ ಹಾಜರಿ

ಕೆಂಪು ದಾರದ ತುದಿಯನ್ನು ನಾಲಿಗೆಗೆ ಮುಟ್ಟಿಸಿ ಸೂಜಿಗೆ ಪೋಣಿಸಿದೆ. ಮಡಿಲಲ್ಲಿ ಬಿಳಿ ಅಂಗಿ, ಕತ್ತುಪಟ್ಟಿಯ ಒಳಮಗ್ಗುಲು ಮೇಲೆ. ನಾಲ್ಕರ ಅಂಕಿಗೆ ಏಳು ಹೊಲಿಗೆ, ಒಂದಕ್ಕೆ ನಾಲ್ಕು, ಎರಡಕ್ಕೆ ಒಂಬತ್ತು. ಅಂಗಿ ಮುಗಿದ ಮೇಲೆ ಷರಾಯಿ, ಆಮೇಲೆ ಟೋಪಿ, ಕಾಲುಚೀಲ, ಕಂಬಳಿಯ ಮೂಲೆ. ಒಬ್ಬ ಹುಡುಗನಿಗೆ ಮೂವತ್ತೊಂದು ಬಟ್ಟೆ. ಹೊಸಬರು ಬರುವ ವಾರ ನಮ್ಮ ಹೊಲಿಗೆ ಕೋಣೆಯಲ್ಲಿ ಯಾರೂ ಮಾತಾಡುವುದಿಲ್ಲ, ಮಾತಾಡಿದರೆ ಎಣಿಕೆ ತಪ್ಪುತ್ತದೆ. ಕಿಟಕಿಯಾಚೆ ಹಡಗುಕಟ್ಟೆಗೆ ಹತ್ತೂಕಾಲರ ದೋಣಿ ಬಂದು ಕೂಗಿತು. ಯಾರೂ ತಲೆ ಎತ್ತಲಿಲ್ಲ.

ಆರು ಅಂಗಿ ಮುಗಿಸಿ ನೋಡಿದಾಗ ನನ್ನ ಕೈ ಏನು ಮಾಡಿದೆ ಎಂದು ತಿಳಿಯಿತು. ಎರಡರ ಕಾಲಿನ ಕೆಳಗೆ ಒಂದು ಸಣ್ಣ ಬಾಲ ಬಂದಿತ್ತು, ಒಂದೇ ಒಂದು ಹೆಚ್ಚಿನ ಹೊಲಿಗೆ. ಆರೂ ಅಂಗಿಗಳಲ್ಲಿ.

ಆ ಬಾಲ ನಾನು ನನ್ನ ಅಣ್ಣ ಇಲ್ಹಾಮಿಗೆ ಮಾತ್ರ ಹಾಕುತ್ತಿದ್ದದ್ದು. ಅವನು ಈ ನೌಕಾ ಕಾಲೇಜಿಗೆ ಸೇರಿದ ವರ್ಷ ಅಗಸರ ಮನೆಯಲ್ಲಿ ಅವನ ಕಾಲುಚೀಲಗಳು ದಿನಾ ಕಳೆದುಹೋಗುತ್ತಿದ್ದವು. "ಮೆಲೀಹಾ, ನನ್ನದು ನನ್ನದೇ ಅಂತ ದೂರದಿಂದ ಗೊತ್ತಾಗೋ ಹಾಗೆ ಏನಾದ್ರೂ ಮಾಡೇ" ಎಂದಿದ್ದ. ನಾನು ಬಾಲ ಹಾಕಿಕೊಟ್ಟೆ. ನಾಲ್ಕು ವರ್ಷ ಹಾಕಿದೆ. ಅವನ ನಂಬರು ನಾನೂರ ಹನ್ನೆರಡು.

ಬಟ್ಟೆಗಂಟಿನ ಮೇಲೆ ಪಿನ್ನು ಚುಚ್ಚಿದ್ದ ಚೀಟಿಯನ್ನು ಮತ್ತೆ ಓದಿದೆ. ನಾನೂರ ಹನ್ನೆರಡು, ಬುರ್ಹಾನ್. ಓದುವುದು ನನಗೆ ನಿಧಾನ, ಐದನೆಯ ತರಗತಿಗೇ ಬಿಟ್ಟವಳು. ಎಷ್ಟು ನಿಧಾನವಾಗಿ ಓದಿದರೂ ಅದೇ ಇತ್ತು.

ಪಕ್ಕದಲ್ಲಿದ್ದ ಪಾಕೀಜೆ ಅಕ್ಕ ನಮ್ಮ ಕೋಣೆಗೆ ಹಿರಿಯಳು. ಅವಳು ಕನ್ನಡಕದ ಮೇಲಿಂದ ಚೀಟಿ ನೋಡಿದಳು, ನನ್ನ ಮುಖ ನೋಡಿದಳು. ಗಂಟನ್ನು ತನ್ನ ಕಡೆ ಎಳೆದುಕೊಂಡಳು.

"ಕೊಡಿಲ್ಲಿ. ನಾನು ಮಾಡ್ತೀನಿ."

"ಬೇಡ ಅಕ್ಕ. ಶುರು ಮಾಡಿಬಿಟ್ಟಿದ್ದೀನಿ."

"ನಿಮ್ಮಮ್ಮಂಗೆ ಗೊತ್ತಾ?"

ಇಲ್ಲ ಎಂದು ತಲೆಯಾಡಿಸಿದೆ. ಅವಳು ಗಂಟನ್ನು ಮತ್ತೆ ನನ್ನ ಕಡೆ ತಳ್ಳಿದಳು. ಬಾಲಗಳನ್ನು ಬಿಚ್ಚಬೇಕೆಂದು ಕತ್ತರಿ ತೆಗೆದುಕೊಂಡೆ. ಬಿಚ್ಚಲಿಲ್ಲ.

ಅಮ್ಮನಿಗೆ ಏಕೆ ಹೇಳಬಾರದು ಎಂಬುದು ನಮ್ಮ ಈ ದ್ವೀಪದಲ್ಲಿ ಎಲ್ಲರಿಗೂ ಗೊತ್ತು.

ಕಾಲೇಜಿನ ದೊಡ್ಡ ಪಡಸಾಲೆಯ ಗೋಡೆಯ ಮೇಲೆ ಇಲ್ಲಿ ಓದಿ ಹೆಸರು ಮಾಡಿದವರ ಚಿತ್ರಗಳಿವೆ. ಜಲಸಂಧಿಯ ಆಳ ಅಳೆದು ನಕ್ಷೆ ಬರೆದವರು, ರಾಯಭಾರಿಯಾದವರು, ಯುದ್ಧದಲ್ಲಿ ಹಡಗಿನೊಂದಿಗೇ ಮುಳುಗಿದವರು. ಒಟ್ಟು ನಲವತ್ತಮೂರು. ಬಟ್ಟೆಗಂಟು ಹೊತ್ತು ದಿನಕ್ಕೆ ಎರಡು ಸಲ ಅವರ ಕೆಳಗೆ ಹಾದುಹೋಗುವ ನನಗೆ ಯಾರ ಮೀಸೆ ಹೇಗಿದೆ ಎಂದು ಕಣ್ಣು ಮುಚ್ಚಿಕೊಂಡೂ ಹೇಳಲು ಬರುತ್ತದೆ. ಹೆಸರಿಗಿಂತ ದೊಡ್ಡದಾಗಿ ಚಿತ್ರದ ಕೆಳಗೆ ಬರೆದಿರುವುದು ಅವರ ನಂಬರು. ಪದವಿ ಪಡೆದವನ ನಂಬರು ಎಂದೆಂದಿಗೂ ಅವನದೇ, ಇನ್ನೊಬ್ಬರಿಗೆ ಕೊಡುವುದಿಲ್ಲ. ಗೋಡೆಯ ಮೇಲಿನವರಲ್ಲಿ ಸಮುದ್ರದಲ್ಲಿ ಸತ್ತವರು ಒಂಬತ್ತು ಜನ. ಪ್ರತಿವರ್ಷ ಹೊಸಬರು ಪ್ರಮಾಣ ಮಾಡುವ ದಿನ ಮೊದಲು ಈ ಒಂಬತ್ತು ನಂಬರುಗಳನ್ನು ಕೂಗುತ್ತಾರೆ. ಒಂದೊಂದಕ್ಕೂ ಮೈದಾನದಲ್ಲಿರುವ ಆರುನೂರು ಹುಡುಗರು ಒಟ್ಟಿಗೆ "ನಮ್ಮೊಳಗಿದ್ದಾನೆ" ಎನ್ನುತ್ತಾರೆ. ನೆಲ ನಡುಗುತ್ತದೆ. ಆಮೇಲೆ ಬ್ಯಾಂಡು ಬಾರಿಸುತ್ತಾರೆ. ಬ್ಯಾಂಡು ನಿಂತ ಮೇಲೆ ಹೊಸಬರ ನಂಬರುಗಳು, ಒಬ್ಬೊಬ್ಬನೂ ತನ್ನದಕ್ಕೆ ತಾನೇ "ಹಾಜರ್" ಎನ್ನಬೇಕು.

ಇಲ್ಹಾಮಿ ಕೊನೆಯ ವರ್ಷದ ಪರೀಕ್ಷೆಗಳನ್ನೆಲ್ಲ ಪಾಸು ಮಾಡಿದ್ದ. ಪದವಿಯ ದಿನಕ್ಕೆ ಮೂವತ್ತೆಂಟು ದಿನ ಇತ್ತು. ತರಬೇತಿಯ ಪ್ರಯಾಣದಲ್ಲಿ, ಗಾಳಿ ಎದ್ದ ಒಂದು ಮಧ್ಯಾಹ್ನ, ಹಡಗಿನ ಮುಂಭಾಗದಲ್ಲಿ ಹಗ್ಗ ಬಿಗಿಯಲು ಹೋದವನನ್ನು ಅಲೆ ಎಳೆದುಕೊಂಡು ಹೋಯಿತು. ಮೂರು ದಿನ ಹುಡುಕಿದರು. ಸಿಗಲಿಲ್ಲ. ಇಬ್ಬರು ಅಧಿಕಾರಿಗಳು ಮಡಿಸಿದ ಬಾವುಟ ತಂದುಕೊಟ್ಟು ಅಮ್ಮನ ಕೈಗೆ ಮುತ್ತಿಟ್ಟು ಹೋದರು. ಸತ್ತವರ ಹೆಸರಿನಲ್ಲಿ ಮಾಡುವ ರವೆಯ ಹಲ್ವಾ ಮಾಡಿ ಬೀದಿಗೆಲ್ಲ ಹಂಚಿದೆವು. ಗೋರಿ ಮಾಡಲು ಏನೂ ಇರಲಿಲ್ಲ.

ಆ ಸೆಪ್ಟೆಂಬರಿನಲ್ಲಿ ಅಮ್ಮ ಪ್ರಮಾಣದ ದಿನ ಮೈದಾನಕ್ಕೆ ಹೋಗಿ ಕೂತಳು. ಒಂಬತ್ತನೆಯ ನಂಬರು ಮುನ್ನೂರ ಅರವತ್ತೊಂದು. ಅದಾದ ಮೇಲೆ ನಾನೂರ ಹನ್ನೆರಡು ಬರುತ್ತದೆಂದು ಕಾದಳು. ಬ್ಯಾಂಡು ಬಂತು. ಮರುದಿನವೇ ಹಡಗುಕಟ್ಟೆಯ ಹತ್ತಿರ ಅರ್ಜಿ ಟೈಪು ಮಾಡಿಕೊಡುವವನ ಮುಂದೆ ಹೋಗಿ ಕೂತು, ಇಲ್ಹಾಮಿಯ ನಂಬರನ್ನೂ ಕೂಗಬೇಕು, ಚಿತ್ರವನ್ನು ಗೋಡೆಗೆ ಹಾಕಬೇಕು ಎಂದು ಬರೆಸಿದಳು. ಪದವಿ ಆಗಿರಲಿಲ್ಲವಾದ್ದರಿಂದ ಆಗುವುದಿಲ್ಲ ಎಂದು ಉತ್ತರ ಬಂತು. ಮರುವರ್ಷವೂ ಅದೇ ಉತ್ತರ, ಸಹಿ ಮಾತ್ರ ಬೇರೆ. ಈ ವರ್ಷ ಬಂದದ್ದರಲ್ಲಿ ಒಂದೇ ಸಾಲಿತ್ತು. ನಾನೇ ಓದಿ ಹೇಳಿದೆ.

"ಪರಿಶೀಲನೆಯಲ್ಲಿದೆ ಅಂತ ಬರ್ದಿದಾರಮ್ಮ."

"ಪರಿಶೀಲನೆ ಅಂದ್ರೆ ನೋಡ್ತಾ ಇದಾರೆ ಅಂತ ತಾನೆ?"

"ಹೂಂ."

"ಮತ್ತೆ? ನೋಡಿದ್ರೆ ಕಾಣ್ಸುತ್ತೆ. ಕಣ್ಣಿಲ್ವಾ ಅವ್ರಿಗೆ?"

ಅಂದೇ ಇಲ್ಹಾಮಿಯ ಚಿತ್ರಕ್ಕೆ ಹೊಸ ಚೌಕಟ್ಟು ಹಾಕಿಸಿದಳು, ಗೋಡೆಯ ಮೇಲಿನವುಗಳ ಅಳತೆಗೆ ಸರಿಯಾಗಿ. ಅಳತೆ ಕೊಟ್ಟವಳು ನಾನೇ.

ಆ ಗಂಟು ನನ್ನ ಮಡಿಲಿಗೆ ಬಂದ ದಿನ ಮಧ್ಯಾಹ್ನ, ಊಟದ ಹೊತ್ತಿನಲ್ಲಿ ನಾನು ಉಗ್ರಾಣಕ್ಕೆ ಹೋದೆ. ನಂಬರುಗಳನ್ನು ಕೊಡುವುದು ಉಗ್ರಾಣದ ರೆಫೀಕ್ ಬೇ. ಅವರು ಪುಸ್ತಕದ ಮೇಲೆಯೇ ಎಳ್ಳು ಹಚ್ಚಿದ ಬಳೆಯಾಕಾರದ ರೊಟ್ಟಿ ಮುರಿದು ತಿನ್ನುತ್ತಿದ್ದರು.

"ಏನಮ್ಮ ಮೆಲೀಹಾ, ಹತ್ತು ವರ್ಷದಲ್ಲಿ ನೀನಾಗೇ ಈ ಬಾಗ್ಲು ದಾಟಿದ್ದು ಇದೇ ಮೊದ್ಲು. ಗುಂಡಿ ಬೇಕಾ?"

"ಗುಂಡಿ ಬೇಡ."

"ದಾರ?"

"ದಾರಾನೂ ಬೇಡ."

"ಅಯ್ಯೋ, ಎರಡು ಮಾತಾಡಿಬಿಟ್ಟಳು. ಇವತ್ತು ಸಮುದ್ರ ಉಕ್ಕುತ್ತೆ ಬಿಡು."

"ನಾನೂರ ಹನ್ನೆರಡು" ಎಂದೆ.

ಅವರು ರೊಟ್ಟಿ ಕೆಳಗಿಟ್ಟರು. ಮೀಸೆಯ ಮೇಲಿನ ಎಳ್ಳು ಒರೆಸಿಕೊಂಡರು.

"ಬರೆಯೋವಾಗ ನಂಗೆ ನೆನಪಾಗ್ಲಿಲ್ಲ ಅಂದ್ಕೋಬೇಡ."

"ಆ ಹುಡುಗಂಗೆ ಬೇರೆ ಕೊಡಿ ರೆಫೀಕ್ ಬೇ."

"ಹೆಂಗಮ್ಮ ಕೊಡ್ಲಿ? ಪಟ್ಟಿ ಅಂಕಾರಾಗೆ ಹೋಗಾಯ್ತು. ಬಂದೂಕಿನ ಹಿಡಿ ಮೇಲೆ ಕೊರೆದಾಯ್ತು." ಅವರು ಪುಸ್ತಕ ನನ್ನ ಕಡೆ ತಿರುಗಿಸಿದರು, ನಾನು ಓದಿ ತಪ್ಪು ಹುಡುಕುವವಳೋ ಎಂಬಂತೆ. "ಪದವಿ ಆಗ್ದೇ ಬಿಟ್ಟ ನಂಬರು ಒಂದು ವರ್ಷ ಮಲಗ್ಬೇಕು, ಆಮೇಲೆ ಏಳ್ಬೇಕು. ಅದು ನಿಯಮ. ನಾನು ಇದನ್ನ ಎರಡು ವರ್ಷ ಮಲಗ್ಸಿದೆ. ಹೋದ ವರ್ಷ ಮರೆತೋರ ಥರ ನಟನೆ ಮಾಡಿ ಹಾರಿಸ್ದೆ. ಈ ಸಲ ಲೆಕ್ಕ ನೋಡೋಕೆ ಹೊಸಬ ಬಂದಿದಾನೆ, ಅವನ ಕಣ್ಣು ಸೂಜಿ."

ನಾನು ಪುಸ್ತಕದಲ್ಲಿ ಆ ಸಾಲು ಹುಡುಕಿದೆ.

"ನಿಮ್ಮಣ್ಣಂಗೂ ಅದು ಹೊಸ ನಂಬರಲ್ಲಮ್ಮ. ಅದಕ್ಕೆ ಮುಂಚೆ ಒಬ್ಬನ ಹತ್ರ ಇತ್ತು. ಜ್ವರ ಬಂದು ಎರಡ್ನೇ ತಿಂಗಳಿಗೇ ಊರಿಗೆ ಹೋದ. ಅವನ ತಾಯೀನೂ ಅತ್ತಿರ್ತಾಳೆ, ಏನ್ ಮಾಡೋದು?" ಪುಸ್ತಕ ಮುಚ್ಚುತ್ತಾ ಹೇಳಿದರು, "ಅಮ್ಮನ್ನ ಆ ದಿನ ಮನೇಲೇ ಇಟ್ಕೋ."

ಬಾಗಿಲಲ್ಲಿ ಮತ್ತೆ ಕರೆದರು. ಮುಷ್ಟಿ ತುಂಬ ಬಿಳಿ ಗುಂಡಿ ತಂದು ನನ್ನ ಜೇಬಿಗೆ ಹಾಕಿದರು. ಬೇರೆ ಕೊಡಲು ಅವರ ಹತ್ತಿರ ಏನೂ ಇರಲಿಲ್ಲ.

ಎರಡು ದಿನ ಬಿಟ್ಟು ಹೊಸ ಹುಡುಗರು ಅಳತೆ ನೋಡಿಸಿಕೊಳ್ಳಲು ಹೊಲಿಗೆ ಕೋಣೆಗೆ ಬಂದರು. ಬುರ್ಹಾನ್ ನನ್ನ ಮುಂದೆ ಬಂದು ನಿಂತ. ಇಲ್ಹಾಮಿಯಷ್ಟು ಎತ್ತರ ಇರಲಿಲ್ಲ. ಹೆಗಲು ಕಿರಿದು, ಅಂಗಿಯ ತೋಳು ಬೆರಳ ತುದಿಯ ತನಕ ಇಳಿದಿತ್ತು. ಒಳನಾಡಿನ ಗೋಧಿ ಬೆಳೆಯುವ ಊರಿನವನು, ಅಪ್ಪ ರೈಲು ಹಳಿ ಕಾಯುವವರು. ಕೇಳದೆಯೇ ಇಷ್ಟೆಲ್ಲ ಹೇಳಿದ.

"ಕೈ ಚಾಚು" ಎಂದೆ.

"ಅಕ್ಕ, ನಮ್ಮಪ್ಪ ತಗಡಿನ ಪೆಟ್ಟಿಗೆ ಮೇಲೆ ನನ್ನ ನಂಬರು ಬಣ್ಣದಲ್ಲಿ ಬರೆದಿದಾರೆ. ಸಿಗ್ನಲ್ಲಿಗೆ ಹೊಡೆಯೋ ಬಣ್ಣ. ಮಳೆಗೂ ಹೋಗಲ್ಲವಂತೆ."

"ಬಗ್ಗಬೇಡ, ನೆಟ್ಟಗೆ ನಿಲ್ಲು."

"ಇದು ಒಳ್ಳೆ ನಂಬರಾ ಅಕ್ಕ? ನಾನು ಹೇಳಿದ ಕೂಡ್ಲೆ ದೊಡ್ಡ ತರಗತಿಯೋರು ಸುಮ್ಮನಾಗಿಬಿಡ್ತಾರೆ. ಬೈಯೋದು ಸಮೇತ ನಿಲ್ಲಿಸ್ತಾರೆ."

ತೋಳಿಗೆ ಪಿನ್ನು ಚುಚ್ಚುತ್ತಿದ್ದ ನನ್ನ ಬಾಯಲ್ಲಿ ನಾಲ್ಕು ಪಿನ್ನುಗಳಿದ್ದವು. ಒಂದೊಂದಾಗಿ ತೆಗೆದೆ. ಈಗ ಹೇಳಬೇಕು ಅಂದುಕೊಂಡೆ. ಹೇಳಿದರೆ ಅವನು ಹೋಗಿ ಮೇಲಿನವರನ್ನು ಕೇಳುತ್ತಾನೆ. ಬಂದ ವಾರದಲ್ಲೇ ನಂಬರು ಬೇಡ ಎಂದವನಿಗೆ ಅವರು ಏನು ಮಾಡುತ್ತಾರೆಂದೂ ನನಗೆ ಗೊತ್ತು. ಅವನ ಪೆಟ್ಟಿಗೆಯ ಮೇಲಿನ ಬಣ್ಣ ಮಳೆಗೂ ಹೋಗುವುದಿಲ್ಲ.

"ಒಳ್ಳೆ ನಂಬರು" ಎಂದೆ. "ಈಜು ಬರುತ್ತಾ ನಿಂಗೆ?"

"ನಮ್ಮೂರಲ್ಲಿ ಮೊಣಕಾಲುದ್ದ ಹೊಳೆ ಅಕ್ಕ. ಇಲ್ಲಿ ಕಲಿಸ್ತಾರಂತೆ."

"ಕಲ್ತ್ಕೋ. ಚೆನ್ನಾಗಿ ಕಲ್ತ್ಕೋ."

ಅವನು ನಕ್ಕ. ಪಾಕೀಜೆ ಅಕ್ಕ ಆಚೆಯಿಂದ "ನಡಿಯೋ ಕುಳ್ಳ, ಹಿಂದೆ ಇಪ್ಪತ್ತು ಜನ ನಿಂತಿದಾರೆ, ಇವಳು ನಿಂಗೊಬ್ಬಂಗೇ ಹೊಲಿಯೋಳಲ್ಲ" ಎಂದು ಗದರಿದಳು.

ಪ್ರಮಾಣದ ದಿನ ಶುಕ್ರವಾರ. ಅಮ್ಮ ಬೆಳಿಗ್ಗೆಯೇ ಕಂದು ಬಣ್ಣದ ಕೋಟು ಹೊರತೆಗೆದು ಬ್ರಷ್ಷು ಮಾಡುತ್ತಿದ್ದಳು. ಚೌಕಟ್ಟನ್ನು ಬಿಳಿ ಟವೆಲಿನಲ್ಲಿ ಸುತ್ತಿ ಮೇಜಿನ ಮೇಲಿಟ್ಟಿದ್ದಳು. ನಾನು ಚಹಾ ಬಗ್ಗಿಸಿದೆ.

"ಅಮ್ಮ, ಗಾಳಿ ಜೋರಾಗಿದೆ. ನಿನ್ನ ಮೊಣಕಾಲು."

"ಮೊಣಕಾಲಿಗೆ ಗಾಳಿ ಏನ್ ಮಾಡುತ್ತೆ? ಕೂತ್ಕೊಳೋದು ತಾನೆ."

"ಈ ಸಲ ಬೇಡ. ಮುಂದಿನ ವರ್ಷ ಹೋಗೋಣ."

"ಯಾಕೆ, ಏನಿದೆ ಈ ಸಲ?"

ನಾನು ಸಕ್ಕರೆ ಡಬ್ಬಿ ನೋಡಿದೆ. ಅವಳು ಬ್ರಷ್ಷು ನಿಲ್ಲಿಸಿ ನನ್ನನ್ನೇ ನೋಡುತ್ತಿದ್ದಳು. ಹೇಳುವುದಾದರೆ ಇಷ್ಟೇ ಮಾತು: ಇಲ್ಹಾಮಿಯ ನಂಬರು ಬೇರೆಯವನಿಗೆ ಕೊಟ್ಟಿದ್ದಾರೆ, ಅದನ್ನು ಆ ಹುಡುಗನ ಬಟ್ಟೆಗೆಲ್ಲ ನಾನೇ ಹೊಲಿದಿದ್ದೇನೆ. ಚಹಾ ಆರುವುದರೊಳಗೆ ಮುಗಿಯುತ್ತಿತ್ತು.

"ಏನಿಲ್ಲ" ಎಂದೆ.

"ಏನಿಲ್ದೇ ಇದ್ರೆ ತಲೆಗೆ ಬಟ್ಟೆ ಕಟ್ಕೊಂಡು ಬಾ. ಮುಖ ಇಳಿಸ್ಕೊಂಡು ನಿಂತ್ಕೋಬೇಡ, ಜನ ನೋಡ್ತಾರೆ. ಅಣ್ಣನ ಹೆಸ್ರು ಕೂಗೋವಾಗ ತಂಗಿ ತಲೆ ತಗ್ಗಿಸ್ಕೊಂಡಿದ್ರೆ ಏನಂತಾರೆ?"

ನಾವು ಕೊನೆಯ ಸಾಲಿನಲ್ಲಿ, ದೇವದಾರು ಮರದ ಕೆಳಗಿನ ಬೆಂಚಿನಲ್ಲಿ ಕೂತೆವು. ಮುಂದಿನ ಕುರ್ಚಿಗಳೆಲ್ಲ ಹೊಸ ಹುಡುಗರ ಮನೆಯವರಿಗೆ. ಯಾರೋ ತಾಯಿ ಎದ್ದೆದ್ದು ಮಗನನ್ನು ಹುಡುಕುತ್ತಿದ್ದಳು, ಗಂಡ ಕೋಟಿನ ತುದಿ ಹಿಡಿದು ಕೂರಿಸುತ್ತಿದ್ದ. ಹುಡುಗರು ಬಿಳಿ ಬಟ್ಟೆಯಲ್ಲಿ ನಿಂತಿದ್ದರು, ಸಮುದ್ರದ ಕಡೆಗೆ ಬೆನ್ನು.

ನಂಬರು ಕೂಗುವ ಗೌರವ, ಗೋಡೆಯ ಮೇಲೆ ಚಿತ್ರವಿದ್ದು ಇನ್ನೂ ಬದುಕಿರುವವರಲ್ಲಿ ಎಲ್ಲರಿಗಿಂತ ಹಿರಿಯರಿಗೆ. ಈ ವರ್ಷ ನಿವೃತ್ತ ಅಡ್ಮಿರಲ್ ಫೆಹ್ಮಿ ಪಾಶಾ. ಹರೆಯದಲ್ಲಿ ಬೆಂಕಿ ಬಿದ್ದ ಎಣ್ಣೆ ದೋಣಿಯನ್ನು ಬಂದರಿನಿಂದ ಹೊರಗೆ ಎಳೆದುಕೊಂಡು ಹೋಗಿ ಊರು ಉಳಿಸಿದವರು. ಚಿತ್ರದಲ್ಲಿ ಅವರ ಕುತ್ತಿಗೆಯ ಮೇಲೆ ಸುಟ್ಟ ಗುರುತು ಕಾಣುತ್ತದೆ. ಈಗ ತೊಂಬತ್ತರ ಹತ್ತಿರ, ಕಿವಿ ಕೇಳಿಸುವುದಿಲ್ಲ. ಕುರ್ಚಿಯಲ್ಲಿ ಕೂತೇ ಓದಿದರು. ಚರ್ಮದ ಹೊದಿಕೆಯ ಪುಸ್ತಕವನ್ನು ಪಕ್ಕದಲ್ಲಿ ಒಬ್ಬ ಯುವ ಅಧಿಕಾರಿ ಹಿಡಿದಿದ್ದ.

"ಐವತ್ತೇಳು" ಎಂದರು ಪಾಶಾ. ಧ್ವನಿ ಮಾತ್ರ ಗಟ್ಟಿಯಾಗಿಯೇ ಇತ್ತು.

"ನಮ್ಮೊಳಗಿದ್ದಾನೆ."

"ನೂರ ಹದಿನೆಂಟು."

"ನಮ್ಮೊಳಗಿದ್ದಾನೆ."

ಅಮ್ಮ ಬೆರಳು ಮಡಿಸಿ ಎಣಿಸುತ್ತಿದ್ದಳು. ನಾನು ಬ್ಯಾಂಡಿನವರನ್ನು ನೋಡುತ್ತಿದ್ದೆ. ಬ್ಯಾಂಡು ಮುಗಿಯುವುದರೊಳಗೆ ಹೊಟ್ಟೆನೋವೆಂದು ಹೇಳಿ ಅಮ್ಮನನ್ನು ಎಬ್ಬಿಸಿಕೊಂಡು ಹೊರಡಬೇಕೆಂದು ಯೋಚಿಸಿಟ್ಟಿದ್ದೆ. ಹೊಸಬರ ಪಟ್ಟಿಯಲ್ಲಿ ಎಲ್ಲಕ್ಕಿಂತ ಸಣ್ಣ ನಂಬರು ಅದೇ, ಮೊದಲು ಬರುವುದೂ ಅದೇ. ನನ್ನ ಕೈಯಲ್ಲಿದ್ದದ್ದು ಒಂದು ಹಾಡಿನಷ್ಟು ಹೊತ್ತು.

"ಮುನ್ನೂರ ಅರವತ್ತೊಂದು."

"ನಮ್ಮೊಳಗಿದ್ದಾನೆ."

ಬ್ಯಾಂಡಿನ ಮುಖ್ಯಸ್ಥ ಕೋಲು ಎತ್ತಿದ. ಪಾಶಾ ಅದನ್ನು ನೋಡಲಿಲ್ಲ. ಬೆರಳಿಗೆ ಉಗುಳು ಹಚ್ಚಿ ತಾವೇ ಹಾಳೆ ತಿರುವಿ, ತಡೆಯದೆ ಓದಿದರು.

"ನಾನೂರ ಹನ್ನೆರಡು."

ಒಂಬತ್ತು ಸಲ ಕೂಗಿದ್ದ ಬಾಯಿಗಳು ಹತ್ತನೆಯ ಸಲವೂ ಕೂಗಿಬಿಟ್ಟವು. ಮೊದಲು ಕೊನೆಯ ವರ್ಷದವರ ಸಾಲಿನಿಂದ ಬಂತು ಎಂದು ನನಗನ್ನಿಸುತ್ತದೆ. ಇಲ್ಹಾಮಿ ಇದ್ದಾಗ ಮೊದಲ ವರ್ಷದಲ್ಲಿದ್ದವರು ಅವರು. ಆದರೆ ಎಲ್ಲರೂ ಸೇರಿದರು.

"ನಮ್ಮೊಳಗಿದ್ದಾನೆ."

ಅಮ್ಮ ಎದ್ದು ನಿಂತಳು. ಟವೆಲಿನ ಗಂಟು ಒಂದು ಕಂಕುಳಲ್ಲಿ, ಇನ್ನೊಂದು ಕೈ ಎದೆಯ ಮೇಲೆ. ಅಳಲಿಲ್ಲ. ಬಾಗಿಲು ತಟ್ಟಿದ ಸದ್ದು ಕೇಳಿ ಎದ್ದವಳಂತೆ ನಿಂತಿದ್ದಳು. ಪಕ್ಕದ ಬೆಂಚಿನ ಹೆಂಗಸಿಗೆ "ನನ್ನ ಮಗ" ಎಂದಳು. ಆ ಹೆಂಗಸು ಎದ್ದು ಅಮ್ಮನ ಕೆನ್ನೆಗೆ ಮುತ್ತಿಟ್ಟಳು.

ಯುವ ಅಧಿಕಾರಿ ಬಗ್ಗಿ ಪಾಶಾ ಅವರ ಕಿವಿಯಲ್ಲಿ ಏನೋ ಹೇಳಿದ. ಅವರಿಗೆ ಕೇಳಿಸಲಿಲ್ಲ, ಅವನು ಹಾಳೆಯ ಮೇಲೆ ಬೆರಳಿಟ್ಟು ತೋರಿಸಿದ. ಪಾಶಾ ಕನ್ನಡಕ ಸರಿಮಾಡಿಕೊಂಡರು. ಮುಂದಿನ ಕುರ್ಚಿಗಳಲ್ಲಿ ಯಾರೋ ನಕ್ಕರು, ಮುದುಕರನ್ನು ಕಂಡು ನಗುವ ಒಳ್ಳೆಯ ನಗುವೇ. ಬ್ಯಾಂಡಿನವನು ಕೋಲು ಕೆಳಗಿಳಿಸಿದ.

"ಓ, ಇವರು ಹೊಸಬರು" ಎಂದರು ಪಾಶಾ. "ನಾನೂರ ಹನ್ನೆರಡು."

"ಹಾಜರ್."

ತೆಳ್ಳನೆಯ ಧ್ವನಿ. ಮಧ್ಯದಲ್ಲಿ ಸ್ವಲ್ಪ ಒಡೆಯಿತು. ಸಾಲಿನಿಂದ ಒಂದು ಹೆಜ್ಜೆ ಮುಂದೆ ಬಂದು ನಿಂತ. ಅಂಗಿಯ ತೋಳು ಈಗ ಸರಿಯಾಗಿ ಕೂತಿತ್ತು.

ಮುಂದಿನ ನಂಬರು ಕೂಗಿದರು, ಅದರ ಮುಂದಿನದನ್ನು ಕೂಗಿದರು. ಒಬ್ಬೊಬ್ಬರಾಗಿ ಹಾಜರ್ ಎಂದರು, ನೂರ ನಲವತ್ತು ಜನ. ಅಮ್ಮ ಕೂರಲಿಲ್ಲ. ಹಿಂದಿನಿಂದ ಯಾರೋ "ಕೂತ್ಕೊಳಮ್ಮ, ಕಾಣಿಸ್ತಿಲ್ಲ" ಎಂದರು. ನಾನು ಅವಳ ಕೋಟು ಹಿಡಿದು ಎಳೆದೆ. ಮರವನ್ನು ಎಳೆದ ಹಾಗಿತ್ತು. ಪಕ್ಕದ ಹೆಂಗಸು ಕೈಚೀಲದಲ್ಲಿ ಏನನ್ನೋ ಹುಡುಕುತ್ತಾ ಆಚೆ ತಿರುಗಿಕೊಂಡಳು.

ಎಲ್ಲ ಮುಗಿದ ಮೇಲೆ ಹುಡುಗರನ್ನು ಬಿಟ್ಟರು. ಮನೆಯವರು ನುಗ್ಗಿದರು. ಅಮ್ಮ ಆ ಗದ್ದಲದ ನಡುವೆ ನೇರವಾಗಿ ಬುರ್ಹಾನನ ಹತ್ತಿರ ನಡೆದಳು. ಅವನ ಮನೆಯವರು ಬಂದಿರಲಿಲ್ಲ, ದೂರದ ಊರು. ಅವನು ಒಬ್ಬನೇ ಟೋಪಿ ಕೈಯಲ್ಲಿ ಹಿಡಿದು ನಿಂತಿದ್ದ. ನನ್ನನ್ನು ಕಂಡು "ಅಕ್ಕ" ಎಂದು ನಕ್ಕ.

ಅಮ್ಮ ಅವನ ಕತ್ತುಪಟ್ಟಿಯನ್ನು ಒಂದು ಬೆರಳಿನಿಂದ ತಿರುಗಿಸಿದಳು. ಅವನು ಮಗುವಿನಂತೆ ಗದ್ದ ಎತ್ತಿ ಬಿಟ್ಟುಕೊಟ್ಟ. ಅವಳಿಗೆ ಓದಲು ಬರುವುದಿಲ್ಲ. ಆದರೆ ನಾಲ್ಕು ವರ್ಷ ರಜೆಯ ದಿನಗಳಲ್ಲಿ ಮನೆಗೆ ಬಂದ ಬಟ್ಟೆಗಳನ್ನು ಒಗೆದು ಒಣಗಿಸಿ ಮಡಿಸಿದವಳು ಅವಳೇ. ಎರಡರ ಕಾಲಿನ ಕೆಳಗಿನ ಬಾಲದ ಮೇಲೆ ಹೆಬ್ಬೆರಳಿಟ್ಟಳು.

ನನ್ನ ಕಡೆ ತಿರುಗಿದಳು. ಬೈಯುತ್ತಾಳೆ ಎಂದುಕೊಂಡೆ. ಬೈದಿದ್ದರೆ ಚೆನ್ನಾಗಿತ್ತು.

"ಹೊಲಿಗೆ ಗಟ್ಟಿಯಾಗಿದೆ" ಎಂದಳು.

ಆಮೇಲೆ ಅವನ ಕತ್ತುಪಟ್ಟಿ ಸರಿಮಾಡಿ ಕೇಳಿದಳು, "ಊಟ ಸರಿಯಾಗಿ ಹಾಕ್ತಾರಾ?"

"ಹಾಕ್ತಾರಮ್ಮ."

"ಬಿಸಿ ಇರುವಾಗ್ಲೇ ತಿನ್ನು."

ಅವನನ್ನು ಬಿಟ್ಟು ಮೈದಾನದ ಆ ತುದಿಗೆ ನಡೆದಳು. ನಾನು ಹಿಂದೆ ಓಡಿದೆ. ಪಾಶಾ ಇನ್ನೂ ಕುರ್ಚಿಯಲ್ಲೇ ಇದ್ದರು, ಮೊಣಕಾಲ ಮೇಲೆ ಕಂಬಳಿ ಹೊದಿಸಿದ್ದರು. ಯುವ ಅಧಿಕಾರಿ ಪುಸ್ತಕದ ಪಟ್ಟಿ ಬಿಗಿಯುತ್ತಿದ್ದ. ಉಗ್ರಾಣದ ರೆಫೀಕ್ ಬೇ ಕುರ್ಚಿಗಳನ್ನು ಎಣಿಸುತ್ತಾ ಅಲ್ಲೇ ನಿಂತಿದ್ದರು. ಅಮ್ಮನನ್ನು ಕಂಡು ಎಣಿಕೆ ನಿಲ್ಲಿಸಿದರು.

ಅಮ್ಮ ಪಾಶಾ ಅವರ ಮುಂದೆ ನಿಂತಳು. ಅವರು ಅವಳನ್ನು ಹೊಸ ಹುಡುಗನೊಬ್ಬನ ತಾಯಿ ಎಂದುಕೊಂಡರು. ಕೈ ಚಾಚಿ ಅವಳ ಕೈ ಹಿಡಿದು ತಟ್ಟಿದರು.

"ಒಳ್ಳೇದಾಗ್ಲಿ ತಾಯಿ. ದೇವ್ರು ಕಾಪಾಡ್ಲಿ ನಿಮ್ಮ ಹುಡುಗನ್ನ."

"ಬೇ," ಎಂದಳು ಅಮ್ಮ, ಯಾವ ಗಂಡಸನ್ನಾದರೂ ಕರೆಯುವ ಹಾಗೆ, ಪಾಶಾ ಎನ್ನಬೇಕೆಂಬುದೂ ನೆನಪಿಲ್ಲದೆ. "ಮೊದಲ್ನೇ ಸಲ ಕರೆದ್ರಲ್ಲ, ಹಾಗೇ ಇನ್ನೊಂದ್ಸಲ ಕರೀರಿ."

ಪಾಶಾ ನಗುತ್ತಾ ತಲೆಯಾಡಿಸಿದರು. ಕೇಳಿಸಿರಲಿಲ್ಲ. ಅಮ್ಮ ಯುವ ಅಧಿಕಾರಿಯ ಕಡೆ ನೋಡಿದಳು. ಅವನು ಪುಸ್ತಕವನ್ನು ಕಂಕುಳಿಗೆ ಸೇರಿಸಿ ಸಮುದ್ರದ ಕಡೆ ನೋಡಿದ. ರೆಫೀಕ್ ಬೇ ಟೋಪಿ ತೆಗೆದು ಅದರ ಒಳಗನ್ನು ನೋಡುತ್ತಿದ್ದರು. ನನ್ನ ಜೇಬಿನಲ್ಲಿ ಆ ಗುಂಡಿಗಳು ಇನ್ನೂ ಇದ್ದವು, ಮುಷ್ಟಿಯಲ್ಲಿ ಹಿಡಿದುಕೊಂಡೆ. ಮೈದಾನದಲ್ಲಿ ಹುಡುಗರು ಮನೆಯವರ ಕೈಯಿಂದ ಮಿಠಾಯಿ ತಿನ್ನುತ್ತಿದ್ದರು.

"ಒಂದೇ ಒಂದ್ಸಲ ಸಾಕು" ಎಂದಳು ಅಮ್ಮ. "ಕರೀರಿ."